ಮಾತಿನ ಕಲ್ಲು

ಹೋದ ತಿಂಗಳು ನಮ್ಮ ಎದುರು ಮನೆಯವರು ಮೇಲೊಂದು ಮಹಡಿ ಎತ್ತಲು ಶುರು ಮಾಡಿದರು. ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಈಗ ಯಾರು ಮನೆ ಕಟ್ಟಿದರೂ ಕಲ್ಲು ಪುಡಿ ಮಾಡಿ ತಂದ ಮರಳೇ. ಅದಕ್ಕೆ ನೀರು ಹಾಕಿದರೂ ಅಷ್ಟೆ, ಬಿಟ್ಟರೂ ಅಷ್ಟೆ, ವಾಸನೆ ಅನ್ನುವುದು ಇಲ್ಲ. ಅವತ್ತು ಮಾತ್ರ ಎಲ್ಲಿಂದಲೋ ಒಂದು ಟ್ರ್ಯಾಕ್ಟರ್ ಹೊಳೆಮರಳು ಬಂದು ಬಿತ್ತು. ಮನೆಯ ಯಜಮಾನರು, ಗಾರೆ ಕೆಲಸದ ಮೌಲಾ, ಕಾಫಿ ಲೋಟ ಹಿಡಿದ ನಾನು, ಮೂವರೂ ಗೇಟಿನ ಹತ್ತಿರ ನಿಂತಿದ್ದೆವು. ಮೌಲಾ ಪೈಪು ಹಿಡಿದು ರಾಶಿಯ ಮೇಲೆ ನೀರು ಬಿಟ್ಟ.

“ಹರಿಹರದ ಕಡೇದು ಅಂತ ಕಾಣ್ತೈತೆ ಸಾರ್. ಈಗ ಸಿಗಾದಿಲ್ಲ ಇಂಥದ್ದು” ಅಂದ.

ಒದ್ದೆ ಹೊಳೆಮರಳಿನ ವಾಸನೆ ಮೂಗಿಗೆ ಬಡಿದ ಕೂಡಲೆ ಲೋಟವನ್ನು ಗೇಟಿನ ಕಂಬದ ಮೇಲೆ ಇಟ್ಟುಬಿಟ್ಟೆ. ಮಳೆ ಬಿದ್ದ ಮಣ್ಣಿನ ವಾಸನೆಗೆ ಮನಸ್ಸು ಅರಳುತ್ತದೆ ಅನ್ನುತ್ತಾರೆ. ಅನ್ನಲಿ. ನನಗೆ ಈ ವಾಸನೆಯೆಂದರೆ ಹರಿಹರದ ಒಂದು ಹಂಚಿನ ಶಾಲೆ, ಅದರ ಮೂಲೆಯ ಕೋಣೆ, ಅಲ್ಲಿ ಕಳೆದ ಒಂದು ವರ್ಷ. ಆ ವರ್ಷದ ಕೊನೆಯನ್ನು ನೆನೆದರೆ ಈಗಲೂ ಬಾಯೆಲ್ಲ ಕಹಿಯಾಗುತ್ತದೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗದು ಮೊದಲ ನೌಕರಿ. ಶಾಲೆ ಇದ್ದದ್ದು ದೇವಸ್ಥಾನ ದಾಟಿ ಹೊಳೆಗೆ ಇಳಿಯುವ ದಾರಿಯಲ್ಲಿ. ಹೆಡ್‌ಮಾಸ್ಟರು ಕೊಟ್ರಪ್ಪನವರು. ಹಣೆ ತುಂಬ ವಿಭೂತಿ, ಕೋಟಿನ ಜೇಬಿನಲ್ಲಿ ಯಾವಾಗಲೂ ನಾಲ್ಕು ಬಳಪ. ಬಳಪ ಇಲ್ಲ ಅಂತ ಅಳುವ ಮಗು ಕಂಡರೆ ತಾವೇ ಕೊಟ್ಟು ಬರುವ ಮನುಷ್ಯ. ಅವರು ಮಗ್ಗಿ ಹೇಳಿಸಲು ನಿಂತರೆ ಹೊಳೆಯಲ್ಲಿ ಬಟ್ಟೆ ಒಗೆಯುವವರೂ ಅದೇ ತಾಳಕ್ಕೆ ಬಟ್ಟೆ ಬಡಿಯುತ್ತಿದ್ದರು. ಒಳ್ಳೆಯವರು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದೆಲ್ಲ ಅವರ ಒಳ್ಳೆಯತನದಿಂದಲೇ ಆಯಿತು.

ಆ ಜೂನಿನಲ್ಲಿ ಹಾಲಮ್ಮ ಟೀಚರ್ ನಮ್ಮ ಶಾಲೆಗೆ ವರ್ಗವಾಗಿ ಬಂದರು. ಮೂವತ್ತೈದರ ಆಸುಪಾಸಿನ ಹೆಂಗಸು, ಸಣ್ಣ ಧ್ವನಿ, ಗಟ್ಟಿ ನಡಿಗೆ. ಅದಕ್ಕೆ ಮೊದಲು ಯಾವುದೋ ಹಳ್ಳಿಯಲ್ಲಿ ನಾಲ್ಕು ತರಗತಿಗಳನ್ನು ಒಂದೇ ಕೋಣೆಯಲ್ಲಿ ಒಬ್ಬರೇ ನಡೆಸಿದ್ದವರು. ಮನೆ ದಾವಣಗೆರೆಯಲ್ಲಿ. ದಿನಾ ಬೆಳಗಿನ ಪ್ಯಾಸೆಂಜರಿಗೆ ಬಂದು ಸಂಜೆ ಗಾಡಿಗೆ ವಾಪಸು ಹೋಗುತ್ತಿದ್ದರು.

ಮೊದಲ ದಿನ ಕೊಟ್ರಪ್ಪನವರು ಅವರನ್ನು ಮೂಲೆಯ ಕೋಣೆಗೆ ಕರೆದುಕೊಂಡು ಹೋದರು. ನಾನೂ ಹಿಂದೆ ಹೋದೆ. ಎರಡನೇ ತರಗತಿಗೆ ಎರಡು ವಿಭಾಗ. ಜಾಣರದ್ದು ಹೆಡ್‌ಮಾಸ್ಟರ ಕೈಯಲ್ಲಿ. ಒಂದು ಸಲ, ಎರಡು ಸಲ ಫೇಲಾದವರನ್ನೆಲ್ಲ ಗುಡಿಸಿ ಈ ಕೋಣೆಗೆ ಹಾಕಿದ್ದರು. ಉಳಿದ ಮಕ್ಕಳು ಇದನ್ನು ಕಸದ ರೂಮು ಅನ್ನುತ್ತಿದ್ದರು. ಮೇಷ್ಟ್ರುಗಳ ಬಾಯಲ್ಲೂ ಒಮ್ಮೊಮ್ಮೆ ಅದೇ ಹೆಸರು ಬರುತ್ತಿತ್ತು.

“ಇದು ನಿಮ್ಮ ರೂಮು ಟೀಚರಮ್ಮ. ಇವರಿಗೆ ಕಲಿಸಾಕೆ ಹೋಗಿ ಜೀವ ತೇಯಬ್ಯಾಡ್ರಿ. ಗಲಾಟೆ ಮಾಡದಂಗೆ ಕೂರಿಸಿದ್ರೆ ಸಾಕು.”

“ಕೂರಿಸಾಕೆ ಟೀಚರ್ ಯಾಕ್ರಿ ಬೇಕು? ಒಂದು ಹಗ್ಗ ಸಾಕಲ್ಲ.”

ಕೊಟ್ರಪ್ಪನವರು ನಕ್ಕರು. ನನ್ನ ಕಡೆ ತಿರುಗಿ, “ನೋಡಪ್ಪ ನಾಗರಾಜ, ಟೀಚರಮ್ಮನ ನಾಲಿಗೆ ನಿನ್ನ ಕತ್ತರಿಗಿಂತ ಚುರುಕೈತೆ” ಅಂದರು. ನಾನು ಆಗ ತೆಳ್ಳಗೆ ಮೀಸೆ ಬಿಟ್ಟುಕೊಂಡು ದಿನಾ ಕತ್ತರಿಸಿಕೊಳ್ಳುತ್ತಿದ್ದೆ. ಅದನ್ನು ಕಂಡರೆ ಅವರಿಗೆ ಮೋಜು.

ಹಾಲಮ್ಮ ನಗಲಿಲ್ಲ. “ನನಗೊಂದು ವರ್ಷ ಕೊಡ್ರಿ ಮೇಷ್ಟ್ರೇ. ಈ ರೂಮಿಗೆ ಬೆತ್ತ ಬರಬಾರದು, ಮಗ್ಗಿ ಕೂಗಿಸಾಕೆ ನೀವೂ ಬರಬಾರದು.”

“ಇನ್‌ಸ್ಪೆಕ್ಟರು ಬಂದ್ರೆ?”

“ಬರ್ಲಿ. ಮಕ್ಕಳು ಅದಾರಲ್ಲ, ಉತ್ತರ ಕೊಡ್ತಾರೆ.”

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಆಗ ಎರಡು ಸಲ ಫೇಲಾದ ಮಕ್ಕಳನ್ನು ಮುಂದಿನ ತರಗತಿಗೆ ಹಾಕುವ ಅಧಿಕಾರ ಹೆಡ್‌ಮಾಸ್ಟರಿಗೆ ಇರಲಿಲ್ಲ. ವರ್ಷದ ಕೊನೆಗೆ ತಪಾಸಣೆಗೆ ಬರುವ ಇನ್‌ಸ್ಪೆಕ್ಟರೇ ಹೆಸರು ಕರೆದು, ಎದುರಿಗೆ ನಿಲ್ಲಿಸಿ, ಪ್ರಶ್ನೆ ಕೇಳಿ, ಪಾಸೋ ಫೇಲೋ ಬರೆಯಬೇಕು. ಹಾಗಾಗಿ ಆ ಕೋಣೆಯ ಮಕ್ಕಳಿಗೆ ಇಡೀ ವರ್ಷ ಅನ್ನುವುದು ಕಡೆಗೆ ಒಂದು ಬೆಳಗ್ಗೆಯ ಮೇಲೆ ನಿಂತಿತ್ತು.

ಹಾಲಮ್ಮ ಮೊದಲು ಮಾಡಿದ ಕೆಲಸವೆಂದರೆ ಹಿಂದಿನ ಸಾಲನ್ನು ತೆಗೆದದ್ದು. ಮಣೆಗಳನ್ನೆಲ್ಲ ಹೊರಗೆ ಹಾಕಿಸಿ ಮಕ್ಕಳನ್ನು ಗೋಡೆಗುಂಟ ಸುತ್ತಲೂ ಕೂರಿಸಿದರು. ನಡುವೆ ಜಾಗ ಬಿಟ್ಟು, ಹೊಳೆ ಏರುವ ಮೊದಲೇ ಮಕ್ಕಳ ಜೊತೆ ತಾವೂ ಬುಟ್ಟಿ ಹೊತ್ತು ಮರಳು ತಂದು ಜರಡಿ ಹಿಡಿದು ಹರಡಿದರು. ದಿನಾ ಬೆಳಗ್ಗೆ ಅದರ ಮೇಲೆ ನೀರು ಚಿಮುಕಿಸುವುದು, ಅಂಗೈಯಲ್ಲಿ ಸವರಿ ಸಮ ಮಾಡುವುದು. ಬರೆಯುವುದೆಲ್ಲ ಬೆರಳಿನಿಂದ. ನಾನು ಒಮ್ಮೆ ಕೇಳಿದೆ, “ಸ್ಲೇಟು ಐತಲ್ಲ ಟೀಚರ್, ಮರಳು ಯಾಕೆ?”

“ಸ್ಲೇಟಿನ ಮೇಲೆ ತಪ್ಪು ಬರೆದ್ರೆ ಅದನ್ನ ಎತ್ತಿ ತೋರಿಸಬೇಕು. ಪಕ್ಕದೋರು ನಗತಾರೆ. ಮರಳಿನಾಗೆ ತಪ್ಪು ಬರೆದ್ರೆ ಕೈ ಆಡಿಸಿದ್ರೆ ಹೋಯ್ತು. ಎರಡು ವರ್ಷ ನಗಿಸಿಕೊಂಡ ಮಕ್ಕಳು ನಾಗರಾಜ. ಮೊದಲು ತಪ್ಪು ಮಾಡಾಕೆ ಧೈರ್ಯ ಬರಬೇಕು.”

ಪುಸ್ತಕವನ್ನು ಅವರು ದಸರಾ ರಜೆಯವರೆಗೆ ತೆರೆಯಲೇ ಇಲ್ಲ. ಪ್ರತಿ ಮಗುವೂ ಮನೆಯಿಂದ ಒಂದು ಮಾತು ತರಬೇಕು. ಮನೆಯಲ್ಲಿ ದಿನಾ ಕಿವಿಗೆ ಬೀಳುವ ಮಾತು. ಒಬ್ಬ ಹರಿಗೋಲು ತಂದ. ಒಬ್ಬಳು ರಾಗಿಕಲ್ಲು ತಂದಳು. ಸ್ಟೇಷನ್ನಿನ ಹಮಾಲಿಯ ಮಗ ಗೂಡ್ಸು ಅಂತ ತಂದ. ಆ ಮಾತುಗಳೇ ಮೊದಲ ಪಾಠ. ತಾನು ತಂದ ಮಾತನ್ನು ತಾನೇ ಬರೆಯಬೇಕು, ಆಮೇಲೆ ಪಕ್ಕದವರದ್ದನ್ನು.

ಗೋಡೆಯ ಮೂಲೆಗೆ ಅಂಟಿಕೊಂಡು ಕೂತಿದ್ದ ಒಬ್ಬ ಹುಡುಗಿ ಮೂರು ದಿನ ಬಾಯಿಬಿಡಲಿಲ್ಲ. ಹೆಸರು ಮಹಬೂಬಿ. ಪಾತ್ರೆಗಳಿಗೆ ಕಲಾಯಿ ಹಾಕುವ ಇಮಾಮ್ ಸಾಬರ ಮಗಳು. ಒಂಬತ್ತು ವರ್ಷ ಇದ್ದೀತು, ಎರಡು ಸಲ ಫೇಲಾಗಿದ್ದಳು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಮೌನ. ನಾಲ್ಕನೇ ದಿನ ಹಾಲಮ್ಮ ಅವಳ ಪಕ್ಕ ಕೂತು ಅವಳ ಕೈ ಹಿಡಿದು ಮೂಸಿ ನೋಡಿದರು.

“ಇದೇನೇ ವಾಸನೆ?”

“ನವಸಾಗರ” ಅಂದಳು ಹುಡುಗಿ. ಕಲಾಯಿ ಹಾಕುವಾಗ ಕಾದ ಪಾತ್ರೆಗೆ ಉಜ್ಜುವ ಬಿಳಿ ಪುಡಿ ಅದು. ಆ ಕೋಣೆಯಲ್ಲಿ ಅವಳು ಆಡಿದ ಮೊದಲ ಮಾತು. ಅವತ್ತೇ ಅದನ್ನು ಮರಳಿನಲ್ಲಿ ಬರೆದಳು. ‘ಸಾ’ದ ದೀರ್ಘ ಮರೆತು, ಅಳಿಸಿ, ಮತ್ತೆ ಬರೆದಳು.

ಇನ್ನು ಕಲ್ಲಿನ ವಿಚಾರ. ಹೊಳೆಯಲ್ಲಿ ಉರುಳಿ ನುಣ್ಣಗಾದ ಒಂದು ಕರಿಕಲ್ಲು, ಮಗುವಿನ ಮುಷ್ಟಿಯಲ್ಲಿ ಹಿಡಿಯುವಷ್ಟು ದೊಡ್ಡದು. ಟೀಚರ್ ಪ್ರಶ್ನೆ ಕೇಳಿ ಆ ಕಲ್ಲನ್ನು ಒಬ್ಬರ ಕೈಗೆ ಕೊಡುವರು. ಕಲ್ಲು ಯಾರ ಕೈಯಲ್ಲಿದೆಯೋ ಅವರೇ ಮಾತಾಡಬೇಕು, ಬೇರೆಯವರು ತುಟಿ ಬಿಚ್ಚಬಾರದು. ಅವಸರ ಇಲ್ಲ. ಕಲ್ಲು ಕೈಯಲ್ಲಿ ಬೆಚ್ಚಗಾಗುವವರೆಗೂ ಯೋಚಿಸಬಹುದು. ಗೊತ್ತಿಲ್ಲದಿದ್ದರೆ ಕಲ್ಲನ್ನು ಪಕ್ಕದವರಿಗೆ ಕೊಡಬೇಕು. ಪಕ್ಕದವರು ಉತ್ತರ ಕೂಗುವ ಹಾಗಿಲ್ಲ. ಕಿವಿಯಲ್ಲಿ ಹೇಳಿಕೊಟ್ಟು ಕಲ್ಲನ್ನು ವಾಪಸು ಕೊಡಬೇಕು. ಕಡೆಗೆ ಉತ್ತರ ಹೇಳುವವರು ಮೊದಲು ಕಲ್ಲು ಹಿಡಿದವರೇ. ಹಾಗಾಗಿ ಆ ಕೋಣೆಯಲ್ಲಿ ಉತ್ತರ ಹೇಳದೆ ಯಾರೂ ಸೋತು ಕೂರುತ್ತಿರಲಿಲ್ಲ. ಮಕ್ಕಳು ಅದಕ್ಕೆ ಮಾತಿನ ಕಲ್ಲು ಅಂತ ಹೆಸರಿಟ್ಟರು. ಇದನ್ನು ಕದ್ದು ನನ್ನ ನಾಲ್ಕನೇ ತರಗತಿಯಲ್ಲೂ ಮಾಡಿ ನೋಡಿದೆ. ಒಂದೇ ವಾರಕ್ಕೆ, ಎಂದೂ ಕೈ ಎತ್ತದಿದ್ದ ಇಬ್ಬರು ಹುಡುಗರಿಗೆ ಭೂಗೋಳ ನನಗಿಂತ ಚೆನ್ನಾಗಿ ಗೊತ್ತಿದೆ ಅಂತ ತಿಳಿಯಿತು.

ಆ ವರ್ಷದ ಮಳೆ ದೊಡ್ಡದು. ಆಷಾಢದ ಗಾಳಿಗೆ ಹಂಚು ಸರಿದು ಕೋಣೆಯೊಳಗೆ ನಾಲ್ಕು ಕಡೆ ಸೋರುತ್ತಿತ್ತು. ಸೋರಿದ ನೀರಿಗೆ ಬೋಗುಣಿ ಇಟ್ಟು ಅದೇ ನೀರನ್ನು ಮರಳಿಗೆ ಚಿಮುಕಿಸುತ್ತಿದ್ದರು. ಮಲೆನಾಡಿನ ಕಡೆ ಸುರಿದದ್ದೆಲ್ಲ ಹರಿದು ಬಂದು ತುಂಗಭದ್ರೆ ಕೆಂಪಗೆ ಉಬ್ಬಿತು. ಮಕ್ಕಳು ತಡವಾಗಿ ಬರತೊಡಗಿದರು. ನೀರು ಹೊರುವುದು, ತಮ್ಮ ತಂಗಿಯರನ್ನು ನೋಡಿಕೊಳ್ಳುವುದು, ಕೊಟ್ಟಿಗೆ ಬಳಿಯುವುದು, ಎಲ್ಲ ಮುಗಿಸಿ ಬರಬೇಕಲ್ಲ. ಬೇರೆ ಕೋಣೆಗಳಲ್ಲಿ ತಡವಾದರೆ ಬಾಗಿಲ ಹೊರಗೆ ಬಸ್ಕಿ. ಹಾಲಮ್ಮ ಅದಕ್ಕೂ ಒಂದು ದಾರಿ ಕಂಡುಕೊಂಡರು. ತಡವಾದವರು ಬರುವಾಗ ಹೊಳೆ ನೋಡಿಕೊಂಡು ಬರಬೇಕು. ನೀರು ಯಾವ ಮೆಟ್ಟಿಲಿಗೆ ಬಂದಿದೆ, ಬಣ್ಣ ಹೇಗಿದೆ, ಏನು ತೇಲಿಹೋಯಿತು, ಅದನ್ನು ಕೋಣೆಯ ಬಾಗಿಲಿನ ಹೊರಮೈ ಮೇಲೆ ಸೀಮೆಸುಣ್ಣದಲ್ಲಿ ಬರೆದು ಒಳಗೆ ಬರಬೇಕು.

ಮಹಬೂಬಿ ದಿನಾ ತಡ. ಅಪ್ಪನ ಕುಲುಮೆಗೆ ಗಾಳಿ ಊದುವ ತಿದಿ ಒತ್ತಿ ಬರಬೇಕಿತ್ತು. ಹಾಗಾಗಿ ಬಾಗಿಲು ಹೆಚ್ಚುಕಡಿಮೆ ಅವಳದ್ದೇ ಆಯಿತು. ಮೊದಮೊದಲು ‘ನೀರು’ ಅಂತ ಒಂದೇ ಮಾತು. ಆಮೇಲೆ ‘ನೀರು ಕೆಂಪು’. ಶ್ರಾವಣ ಮುಗಿಯುವ ಹೊತ್ತಿಗೆ ‘ಮಂಟಪ ಮುಳುಗಿದೆ, ಒಂದು ಬಣವೆ ತೇಲಿಹೋಯಿತು’. ಹೊಳೆಗೆ ಹೋಗುವವರೂ ಬರುವವರೂ ನಮ್ಮ ಶಾಲೆಯ ಕಿಟಕಿಯಲ್ಲಿ ಇಣುಕಿ, “ಏನಂತೈತೆ ಇವತ್ತು ಬಾಗಿಲು?” ಅಂತ ಕೇಳತೊಡಗಿದರು. ಅವಳಿಗೆ ಆ ಕೆಲಸದ ಮೇಲೆ ಎಷ್ಟು ಪ್ರೀತಿಯೆಂದರೆ ಭಾನುವಾರವೂ ಬಂದು ಬರೆದು ಹೋಗುತ್ತಿದ್ದಳು.

ಒಂದು ಮಳೆಯ ದಿನ ಇಮಾಮ್ ಸಾಬರು ಶಾಲೆಗೆ ಬಂದರು. ಗೋಣಿಚೀಲವನ್ನು ತಲೆಗೆ ಕೊಪ್ಪೆ ಮಾಡಿಕೊಂಡು ಜಗುಲಿಯಲ್ಲೇ ನಿಂತರು.

“ಒಳಗೆ ಬರ್ರಿ ಸಾಬರೇ, ಕೂಡ್ರಿ” ಅಂದರು ಹಾಲಮ್ಮ.

“ಬ್ಯಾಡ್ರಿ, ಕಾಲೆಲ್ಲ ಕೆಸರು. ಒಂದು ಮಾತು ಹೇಳಿ ಹೋಗ್ತೀನಿ. ಇವಳ ಖಾಲಾ, ಅದೇ ಚಿಕ್ಕವ್ವ, ದಾವಣಗೆರೆಯಾಗೆ ಅದಾಳೆ, ಬೀಡಿ ಕಟ್ಟತಾಳೆ. ಹುಡುಗೀನ ಕಳಿಸು ಅಂತ ಎರಡು ವರ್ಷದಿಂದ ಜೀವ ತಿಂತಾಳೆ. ನಾನೇ ತಡೆದೀನಿ. ಬಜಾರಿನಾಗೆ ಬೋರ್ಡು ಓದಾಕೆ ಬರದೆ ನಾನು ಪಟ್ಟ ಪಾಡು ಇವಳಿಗೆ ಬ್ಯಾಡ ಅಂತ. ಆದ್ರೆ ಅದೇ ಕ್ಲಾಸಿನಾಗೆ ಎಷ್ಟು ಸರ್ತಿ ಕೂರಿಸ್ಲಿ? ಈ ಸರ್ತಿ ಪಾಸ್ ಅಂದ್ರೆ ಓದ್ತಾಳೆ. ಫೇಲ್ ಅಂದ್ರೆ ಖಾಲಾ ಮನೆ.”

“ಈ ಸರ್ತಿ ಪಾಸಾಗ್ತಾಳೆ ಸಾಬರೇ.”

“ನೀವು ಹೇಳಿದ್ರೆ ಸೈ. ಮುಗೀತು” ಅಂದು, ಬಾಗಿಲ ಮೇಲೆ ಮಗಳು ಬರೆದದ್ದನ್ನು ಸ್ವಲ್ಪ ಹೊತ್ತು ನೋಡಿದರು. “ಏನು ಬರೆದೈತ್ರಿ?”

“ನೀರು ಎರಡು ಮೆಟ್ಟಿಲು ಇಳಿದೈತಂತೆ.”

“ಹೌದಾ” ಅಂದರು. ಮಳೆಯಲ್ಲೇ ಇಳಿದು ಹೋದರು. ಹೋದದ್ದು ಮನೆಯ ಕಡೆಗಲ್ಲ, ಹೊಳೆಯ ಕಡೆಗೆ.

ದಸರಾ ರಜೆ ಕಳೆದು ಚಳಿ ಬೀಳುವ ಹೊತ್ತಿಗೆ ಆ ಕೋಣೆಯ ಮಕ್ಕಳು ಪುಸ್ತಕ ಹಿಡಿದರು. ಹಿಡಿದರು ಅಂದರೆ ಸಾಲದು, ಹರಿದು ತಿಂದರು ಅನ್ನಬೇಕು. ಅಂಗಡಿಯ ಪೊಟ್ಟಣದ ಕಾಗದ, ಬೀಡಿ ಕಟ್ಟಿನ ಚೀಟಿ, ಬಸ್ಸಿನ ಹಣೆಯ ಮೇಲಿನ ಊರು, ಎದುರಿಗೆ ಕಂಡದ್ದೆಲ್ಲ ಓದುವ ಹುಚ್ಚು ಹಿಡಿಯಿತು. ಲೆಕ್ಕಕ್ಕೆ ಹುಣಸೆ ಬೀಜ. ಹಂಚುವುದು, ಕೂಡಿಸುವುದು, ಮೂರು ಪಾಲು ಮಾಡುವುದು, ಎಲ್ಲ ಕೈಯಲ್ಲಿ ಮಾಡಿದ ಮೇಲೆ ಬಾಯಲ್ಲಿ. ಕೊಟ್ರಪ್ಪನವರು ಕಿಟಕಿಯಲ್ಲಿ ನಿಂತು ಕದ್ದು ನೋಡುತ್ತಿದ್ದರು. ಒಂದು ದಿನ ನನ್ನ ಹೆಗಲ ಮೇಲೆ ಕೈ ಹಾಕಿ, “ಮೂವತ್ತು ವರ್ಷ ಕೂಗಿಸಿದೆ ಕಣಪ್ಪ. ನನ್ನ ಮಕ್ಕಳು ಕೂಗ್ತಾರೆ. ಆ ಯಮ್ಮನ ಮಕ್ಕಳು ಹೇಳ್ತಾರೆ” ಅಂದರು. ಕಣ್ಣಲ್ಲಿ ನೀರಿತ್ತು. ಅದೇ ಖುಷಿಯಲ್ಲಿ ಇನ್‌ಸ್ಪೆಕ್ಟರ ಕಚೇರಿಗೆ ಒಂದು ಅರ್ಜಿಯನ್ನೂ ಬರೆದು ಹಾಕಿದರು. ನಮ್ಮ ಶಾಲೆಯಲ್ಲಿ ಮರಳು, ಕಲ್ಲು, ಬೀಜಗಳಿಂದ ಹೊಸ ಕ್ರಮದಲ್ಲಿ ಕಲಿಸುತ್ತಿದ್ದೇವೆ, ತಾವು ದಯಮಾಡಿ ಬಂದು ನೋಡಿ ಒಪ್ಪಿಗೆ ಕೊಟ್ಟರೆ ಮುಂದಿನ ವರ್ಷ ಎಲ್ಲ ಕೋಣೆಗಳಿಗೂ ಹಬ್ಬಿಸುತ್ತೇವೆ ಅಂತ.

ಚಳಿ ಕಳೆದು ಬಿಸಿಲು ಏರುವ ಹೊತ್ತಿಗೆ ಇನ್‌ಸ್ಪೆಕ್ಟರು ಬರುವ ದಿನ ಗೊತ್ತಾಯಿತು.

ನಮ್ಮ ಕಡೆಯ ಶಾಲೆಗಳಲ್ಲಿ ಆಗ ಒಂದು ಪದ್ಧತಿ ಇತ್ತು. ಅದನ್ನು ಯಾರೂ ತಪ್ಪು ಅಂದುಕೊಂಡಿರಲಿಲ್ಲ, ಮಾವಿನ ತೋರಣ ಕಟ್ಟುವಷ್ಟೇ ಸಹಜವಾಗಿ ಮಾಡುತ್ತಿದ್ದರು. ತಪಾಸಣೆಯ ದಿನ ದಡ್ಡ ಮಕ್ಕಳಿಗೆ ರಜೆ. ಅವರ ಜಾಗದಲ್ಲಿ ಜಾಣ ಮಕ್ಕಳನ್ನು ಕೂರಿಸುವುದು. ಇನ್‌ಸ್ಪೆಕ್ಟರು ಹೆಸರು ಕರೆದಾಗ ದಡ್ಡರ ಹೆಸರಿಗೆ ಜಾಣರು ಎದ್ದು ನಿಂತು ಉತ್ತರ ಕೊಡುವುದು. ದಡ್ಡ ಮನೆಯಲ್ಲಿದ್ದುಕೊಂಡೇ ಪಾಸು, ಶಾಲೆಗೂ ಮಾನ. ಸಾಹೇಬರು ಕಾಫಿ ಕುಡಿಯುವಷ್ಟರಲ್ಲಿ ಅದೇ ಮಕ್ಕಳು ಹಿತ್ತಲ ಬಾಗಿಲಿನಿಂದ ಓಡಿ ತಮ್ಮ ಕೋಣೆ ಸೇರಿಕೊಳ್ಳುತ್ತಿದ್ದರು.

ಹಿಂದಿನ ದಿನ ಸಂಜೆ ಹಾಲಮ್ಮ ಗಾಡಿಗೆ ಹೋದ ಮೇಲೆ, ನಾನು ಹೊರಗೆ ಏಣಿಯ ಮೇಲೆ ನಿಂತು ತೋರಣ ಕಟ್ಟುತ್ತಿದ್ದಾಗ, ಕೊಟ್ರಪ್ಪನವರು ಮನೆಗೆ ಹೊರಟಿದ್ದ ಮೂಲೆಯ ಕೋಣೆಯ ಮಕ್ಕಳನ್ನು ನಿಲ್ಲಿಸಿ “ನಾಳೆ ನಿಮಗೆಲ್ಲ ರಜಾ” ಅಂತ ಹೇಳಿ ಬಂದಿದ್ದರು.

ಬೆಳಗ್ಗೆ ಹಾಲಮ್ಮ ಸ್ಟೇಷನ್ನಿನಿಂದ ಬಂದು ಬಾಗಿಲು ತೆರೆದರು. ನಾನು ಪಕ್ಕದಲ್ಲೇ ಇದ್ದೆ. ಸುತ್ತಲೂ ಗೋಡೆಗುಂಟ, ಎಣ್ಣೆ ಹಚ್ಚಿ ತಲೆ ಬಾಚಿದ, ಇಸ್ತ್ರಿ ಬಟ್ಟೆಯ ಮಕ್ಕಳು ಕೂತಿದ್ದರು. ಎಲ್ಲರೂ ಹೆಡ್‌ಮಾಸ್ಟರ ವಿಭಾಗದವರು. ಮಹಬೂಬಿಯ ಜಾಗದಲ್ಲಿ ಕಾಳಿನ ಮಂಡಿಯವರ ಮಗಳು ಶಾರದೆ. ಅವಳ ಹಣೆಯ ಕುಂಕುಮವನ್ನು ಒರೆಸಿದ್ದರು. ಒರೆಸಿದ ಕೆಂಪು ಹುಬ್ಬಿನವರೆಗೂ ಹರಡಿಕೊಂಡಿತ್ತು.

“ಏನ್ರಿ ಇದು ಮೇಷ್ಟ್ರೇ?”

ಕೊಟ್ರಪ್ಪನವರು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು. “ಗಾಬರಿಯಾಗಬ್ಯಾಡ್ರಿ ಟೀಚರಮ್ಮ. ನಿಮ್ಮ ಮಕ್ಕಳು ಕಲಿತಾರೆ, ನಾನು ಕಂಡೀನಿ. ಆದ್ರೆ ನಿಮ್ಮ ಮುಂದೆ ಹೇಳಾದು ಬ್ಯಾರೆ, ಸಾಹೇಬರ ಮುಂದೆ ಹೇಳಾದು ಬ್ಯಾರೆ. ಜೀಪು ಕಂಡ್ರೆ ಚಡ್ಡಿ ಒದ್ದೆ ಮಾಡ್ಕೊಳ್ಳೋ ಮಕ್ಕಳು. ಇವರಾದ್ರೆ ಹೆದರಾದಿಲ್ಲ. ನಿಮ್ಮ ಅಷ್ಟೂ ಮಕ್ಕಳು ಪಾಸಾಗ್ತಾರೆ. ನಿಮ್ಮ ರೂಮು ಉಳೀತೈತೆ. ಆ ಕಲಾಯಿ ಸಾಬರ ಮಗಳ ಹೆಸರು ಶಾರದೆಗೆ ಕೊಟ್ಟೀನಿ, ನನ್ನ ಕ್ಲಾಸಿಗೇ ಫಸ್ಟು.”

“ನಾಗರಾಜ, ಓಡು. ಸಿಕ್ಕೋರನ್ನ ಕರ್ಕಂಡು ಬಾ” ಅಂದರು ಹಾಲಮ್ಮ. ನಾನು ಜಗುಲಿ ಇಳಿಯುವಷ್ಟರಲ್ಲಿ ಜೀಪು ಗೇಟಿನೊಳಗೆ ಬಂತು.

ಇನ್‌ಸ್ಪೆಕ್ಟರು ಚಿತ್ರದುರ್ಗದ ಕಡೆಯಿಂದ ಬಂದವರು. ಕೆಟ್ಟವರೇನಲ್ಲ. ಅರ್ಜಿ ಓದಿಕೊಂಡು ಬಂದಿದ್ದರು, ಅದೇ ಎಡವಟ್ಟಾಯಿತು. ಕಾಫಿಯನ್ನು ಆಮೇಲೆ ಅಂದು ನೇರ ಮೂಲೆಯ ಕೋಣೆಗೇ ನಡೆದರು. ಹೆಡ್‌ಮಾಸ್ಟರು, ನಾನು, ಉಳಿದ ಮೇಷ್ಟ್ರುಗಳು ಹಿಂದೆ. ನಾನು ಬಾಗಿಲ ಹತ್ತಿರ ನಿಂತೆ.

“ಮಹಬೂಬಿ” ಅಂತ ಇನ್‌ಸ್ಪೆಕ್ಟರು ಕರೆದರು.

“ಹಾಜರ್ ಸಾರ್” ಅಂತ ಶಾರದೆ ಎದ್ದಳು.

ಅದೇ ಗಳಿಗೆಗೆ ನನ್ನ ಬೆನ್ನ ಹಿಂದೆ ಬಾಗಿಲ ಮೇಲೆ ಸೀಮೆಸುಣ್ಣ ಗೀರುವ ಸದ್ದು ನಿಂತಿತು. ತಿರುಗಿ ನೋಡಿದೆ. ಮಹಬೂಬಿ. ರಜೆಯೆಂದು ಗೊತ್ತಿದ್ದರೂ ಹೊಳೆಯ ಸುದ್ದಿ ಬರೆಯಲು ಬಂದಿದ್ದಳು. ಒಳಗೆ ತನ್ನ ಹೆಸರಿಗೆ ಬೇರೆ ಯಾರೋ ಓಗೊಟ್ಟಿದ್ದನ್ನು ಕೇಳಿ ಬಾಗಿಲ ಸಂದಿಯಿಂದ ಇಣುಕಿದಳು. ಶಾರದೆಯನ್ನು ನೋಡಿದಳು, ನನ್ನನ್ನು ನೋಡಿದಳು. ಕೊಟ್ರಪ್ಪನವರು ಇನ್‌ಸ್ಪೆಕ್ಟರ ಬೆನ್ನ ಹಿಂದಿನಿಂದ ಹೋಗು ಹೋಗು ಅಂತ ಕೈ ಬೀಸಿದರು. ಅವಳು ತಲೆ ಹಿಂದಕ್ಕೆಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಸೀಮೆಸುಣ್ಣದ ಸದ್ದು ಮತ್ತೆ ಕೇಳಿಸಿತು.

“ಪುಸ್ತಕ ಬೇಡ. ನಿಮ್ಮ ಹೊಸ ಕ್ರಮ ತೋರಿಸಿ” ಅಂದರು ಇನ್‌ಸ್ಪೆಕ್ಟರು. ಕರಿಕಲ್ಲನ್ನು ತಾವೇ ಎತ್ತಿ ಶಾರದೆಯ ಕೈಗೆ ಕೊಟ್ಟರು. “ನಿಮ್ಮ ತಂದೆ ಏನು ಕೆಲಸ ಮಾಡುತ್ತಾರಮ್ಮ?”

“ಕಲಾಯಿ ಸಾರ್.” ಇಷ್ಟನ್ನು ಕೊಟ್ರಪ್ಪನವರು ಹೇಳಿಕೊಟ್ಟಿದ್ದರು.

“ಭೇಷ್. ಕಲಾಯಿಗೆ ಏನೇನು ಬೇಕು? ಒಂದು ವಸ್ತುವಿನ ಹೆಸರು ಮರಳಿನಲ್ಲಿ ಬರೆ.”

ಶಾರದೆ ಬಗ್ಗಿದಳು. ಬೆರಳು ಮರಳಿನ ಮೇಲೆ ನಿಂತೇ ಇತ್ತು. ಆಮೇಲೆ ಮುಖ ಎತ್ತಿ ಕೇಳಿದಳು. “ಅದು ಯಾವ ಪಾಠದಾಗೈತ್ರಿ ಸಾರ್?”

ಪಾಪ, ಜಾಣೆ. ಇಡೀ ಪುಸ್ತಕ ಬಾಯಿಪಾಠ. ಯಾವ ಪುಟ ಅಂದರೆ ಕಣ್ಣು ಮುಚ್ಚಿ ಹೇಳುತ್ತಿದ್ದಳು.

“ಗೊತ್ತಿಲ್ಲದಿದ್ದರೆ ಪಕ್ಕದವರನ್ನು ಕೇಳಬೇಕಂತಲ್ಲ, ಕೇಳು” ಅಂದರು ಇನ್‌ಸ್ಪೆಕ್ಟರು. ಶಾರದೆ ಕಲ್ಲನ್ನು ಪಕ್ಕದ ಹುಡುಗನಿಗೆ ಕೊಟ್ಟಳು. ಅವನು ಕೈ ಹಿಂದೆಳೆದುಕೊಂಡ. “ಹೇಳ್ಕೊಟ್ರೆ ನಮ್ಮ ಮೇಷ್ಟ್ರು ಹೊಡೀತಾರೆ ಸಾರ್.”

ಹನ್ನೆರಡು ಹುಣಸೆ ಬೀಜ ಕೊಟ್ಟು ಮೂವರಿಗೆ ಸಮನಾಗಿ ಹಂಚಿ ಅಂದರು. ಒಬ್ಬ ಬೀಜ ಹಿಡಿದುಕೊಂಡು “ಮೂರೊಂದ್ಲ ಮೂರು” ಅಂತ ಶುರು ಮಾಡಿದ. ಉಳಿದವರಿಗೆ ಅಷ್ಟೇ ಸಾಕಾಯಿತು. ಇಡೀ ಕೋಣೆ ಒಂದೇ ದನಿಯಲ್ಲಿ ಮಗ್ಗಿ ಕೂಗಿತು, ಹೊಳೆಯವರೆಗೂ ಕೇಳುವ ಹಾಗೆ. ಬೀಜ ಮಾತ್ರ ಅವನ ಕೈಯಲ್ಲೇ ಉಳಿಯಿತು.

ಇನ್‌ಸ್ಪೆಕ್ಟರು ಹೆಸರುಗಳ ಮುಂದೆ ಒಂದೊಂದೇ ಫೇಲಿನ ಗೀಟು ಎಳೆಯುತ್ತ ಹೋದರು. ಮುಗಿಸಿ ಪೆನ್ನಿನ ಟೋಪಿ ಹಾಕಿದರು.

“ಏನು ಟೀಚರ್, ಒಂದು ವರ್ಷ ಮಕ್ಕಳನ್ನು ಮರಳಲ್ಲಿ ಆಟ ಆಡಿಸಿದಿರಲ್ಲ?”

“ಸಾರ್, ಇನ್ನೊಂದೇ ಒಂದು ಅವಕಾಶ ಕೊಡ್ರಿ. ನನ್ನ ಮಕ್ಕಳು...”

“ಇವರು ನಿಮ್ಮ ಮಕ್ಕಳು ತಾನೆ?”

ಇನ್‌ಸ್ಪೆಕ್ಟರ ಬೆನ್ನ ಹಿಂದೆ ಕೊಟ್ರಪ್ಪನವರು ಎರಡೂ ಕೈ ಜೋಡಿಸಿ ಹೊಟ್ಟೆಯ ಹತ್ತಿರ ಹಿಡಿದುಕೊಂಡಿದ್ದರು. ವಿಭೂತಿ ಬೆವರಿಗೆ ಕರಗಿ ಕೆನ್ನೆಗೆ ಇಳಿದಿತ್ತು. ನಿಜ ಹೇಳಿದರೆ ಅವರ ನೌಕರಿ ಅವತ್ತಿಗೇ ಮುಗಿಯುತ್ತಿತ್ತು. ಹಾಲಮ್ಮ ನನ್ನನ್ನೂ ಒಮ್ಮೆ ನೋಡಿ, ಬೇಡ ಅನ್ನುವಂತೆ ತಲೆ ಅಲ್ಲಾಡಿಸಿದರು.

“ಹೌದು ಸಾರ್. ನನ್ನ ಮಕ್ಕಳೇ.”

ಹೊರಗೆ ಜಗುಲಿಯಲ್ಲಿ ಬೂಟು ಹಾಕಿಕೊಳ್ಳುತ್ತ ಇನ್‌ಸ್ಪೆಕ್ಟರು ಬಾಗಿಲ ಕಡೆ ಕಣ್ಣು ಹಾಯಿಸಿದರು. ಅದರ ಮೇಲೆ ಗುಂಡಗಿನ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: ‘ಹೊಳೆ ಇಳಿದಿದೆ. ನಡೆದು ದಾಟಬಹುದು.’ ಬರೆದವಳು ಅಲ್ಲಿರಲಿಲ್ಲ.

“ಇದನ್ನು ಬರೆದವರು ಯಾರು?”

ಕೊಟ್ರಪ್ಪನವರ ಬಾಯಿಂದ ಅಭ್ಯಾಸಬಲದಿಂದ ಬಂದುಬಿಟ್ಟಿತು. “ನನ್ನ ವಿಭಾಗದೋರು ಸಾರ್.”

“ನೋಡಿ ಟೀಚರ್, ಎರಡನೇ ತರಗತಿಯೆಂದರೆ ಹೀಗೆ ಬರೆಯಬೇಕು. ಹೆಡ್‌ಮಾಸ್ಟರನ್ನು ನೋಡಿ ಕಲಿತುಕೊಳ್ಳಿ.”

ಹಾಲಮ್ಮ, “ಆಗ್ಲಿ ಸಾರ್” ಅಂದರು.

ಜೀಪು ಹೋದ ಮೇಲೆ ಕೊಟ್ರಪ್ಪನವರು ತಮ್ಮ ಕೋಣೆಯ ಕುರ್ಚಿಯಲ್ಲಿ ಕುಸಿದರು. “ನಿಮಗೆ ಒಳ್ಳೇದು ಮಾಡಾಕೆ ಹೋದೆ ಕಣಮ್ಮ” ಅಂತ ಮಕ್ಕಳ ಹಾಗೆ ಅತ್ತರು.

“ಗೊತ್ತು ಮೇಷ್ಟ್ರೇ. ಅದಕ್ಕೇ ಬೈಯಾಕೂ ಬಾಯಿ ಬರವಲ್ದು. ಕೆಟ್ಟೋರಾಗಿದ್ರೆ ನನಗೆ ಎಷ್ಟೋ ಸುಲಭ ಇತ್ತು.”

ಕಚೇರಿಗೆ ಹೋಗಿ ಆದದ್ದನ್ನು ಹೇಳಿಬಿಡೋಣ, ಮಹಬೂಬಿಯೊಬ್ಬಳನ್ನಾದರೂ ಮತ್ತೆ ಕೇಳಲಿ ಅಂತ ನಾನು ಅಂದೆ. ಕೊಟ್ರಪ್ಪನವರು ನೆಲ ನೋಡಿದರು. ಹಾಲಮ್ಮ, “ಮೇಷ್ಟ್ರಿಗೆ ಮೂವರು ಹೆಣ್ಣುಮಕ್ಕಳು ನಾಗರಾಜ” ಅಂದರು. ಅಲ್ಲಿಗೆ ಮುಗಿಯಿತು. ಅವರ ಮೂವರು ಹೆಣ್ಣುಮಕ್ಕಳ ಅನ್ನಕ್ಕೆ ಇನ್ನೊಬ್ಬರ ಒಂದು ಹೆಣ್ಣುಮಗಳ ಓದು ಹೋಯಿತು. ಇದರಲ್ಲಿ ಯಾರ ನ್ಯಾಯ ದೊಡ್ಡದು ಅಂತ ಇಷ್ಟು ವರ್ಷವಾದರೂ ನನಗೆ ಬಗೆಹರಿದಿಲ್ಲ. ಬಗೆಹರಿಸುವ ಆಸೆಯೂ ಈಗ ಇಲ್ಲ.

ಮರುವಾರ ಹಾಲಮ್ಮ ಇಮಾಮ್ ಸಾಬರ ಮನೆಗೆ ಹೋದರು, ಜೊತೆಗೆ ನಾನೂ. ಕುಲುಮೆ ಆರಿತ್ತು. ಇನ್ನೊಂದು ವರ್ಷ ಬಿಡಿ ಅಂತ ಹಾಲಮ್ಮ ಕೇಳಿಕೊಂಡರು.

“ನೀವು ಪಾಸಾಗ್ತಾಳೆ ಅಂದಿದ್ರಿ” ಅಂದರು ಸಾಬರು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಹೇಳುವ ಹಾಗೆ. “ಅವಳು ಒಂದೇ ಮಾತು ಕೇಳ್ತಾಳ್ರಿ ನನ್ನ. ಅಬ್ಬಾ, ನಾನು ಒಳಗೇ ಇರಲಿಲ್ಲ, ನನ್ನ ಯಾರೂ ಏನೂ ಕೇಳಲಿಲ್ಲ, ನಾನು ಹೆಂಗೆ ಫೇಲಾದೆ ಅಂತ. ನನಗೆ ಇದರಾಗೆಲ್ಲ ತಿಳಿಯಾದಿಲ್ಲ. ನೀವೇ ಹೇಳ್ರಿ, ಏನು ಹೇಳ್ಲಿ?”

ಹಾಲಮ್ಮ ಗೋಡೆಯ ಮರೆಯಲ್ಲಿ ನಿಂತಿದ್ದ ಮಹಬೂಬಿಯನ್ನು ಕರೆದು, ಚೀಲದಿಂದ ಕರಿಕಲ್ಲನ್ನು ತೆಗೆದು ಅವಳ ಕೈಗೆ ಕೊಟ್ಟರು. ಹುಡುಗಿ ಅದನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು.

ಬೇಸಿಗೆಯಲ್ಲಿ ಆ ಕೋಣೆಗೆ ಮತ್ತೆ ಮಣೆಗಳು ಬಂದವು. ಮರಳನ್ನು ಬುಟ್ಟಿಯಲ್ಲಿ ಹೊರಗೆ ಹಾಕಿಸಿ ಕಾಂಪೌಂಡ್ ಗೋಡೆಯ ಗಾರೆಗೆ ಬಳಸಿದರು. ಜೂನಿನಲ್ಲಿ ಹಾಲಮ್ಮನಿಗೆ ಮಲೆಬೆನ್ನೂರಿನ ಆಚೆಯ ಒಂದು ಹಳ್ಳಿಗೆ ವರ್ಗವಾಯಿತು. ದಾವಣಗೆರೆಯ ಮನೆ ಖಾಲಿ ಮಾಡಿಕೊಂಡು ಅವರು ಅತ್ತ ಹೋದರು, ಮಹಬೂಬಿ ದಾವಣಗೆರೆಗೆ ಬಂದಳು.

ಆ ಮಳೆಗಾಲದ ಕೊನೆಗೆ ನನಗೆ ದಾವಣಗೆರೆಯಲ್ಲಿ ಎರಡು ದಿನದ ತರಬೇತಿ ಇತ್ತು. ಸಂಜೆ ವಿಚಾರಿಸಿಕೊಂಡು ಹಳೇಪೇಟೆಯಲ್ಲಿ ಅವಳ ಖಾಲಾ ಇದ್ದ ಗಲ್ಲಿಗೆ ಹೋದೆ. ಜಗುಲಿಯ ಮೇಲೆ ನಾಲ್ಕೈದು ಹೆಂಗಸರು, ಹುಡುಗಿಯರು ತೊಡೆಯ ಮೇಲೆ ಮೊರ ಇಟ್ಟುಕೊಂಡು ಸುತ್ತಲೂ ಕೂತಿದ್ದರು. ಮಹಬೂಬಿ ಗೋಡೆಯ ಮೂಲೆಯಲ್ಲಿದ್ದಳು. ನನ್ನನ್ನು ನೋಡಿ ನಮಸ್ಕಾರ ಮೇಷ್ಟ್ರೇ ಅಂದಳು. ಬೆರಳು ನಿಲ್ಲಲಿಲ್ಲ. ಎಲೆ ಸುತ್ತುವುದು, ತುದಿ ಮಡಿಸುವುದು, ದಾರ ಕಟ್ಟುವುದು ನಡೆದೇ ಇತ್ತು. ಒದ್ದೆ ಮಾಡಿ ಕತ್ತರಿಸಿದ ಎಲೆಗಳ ಕಟ್ಟು ಪಕ್ಕದಲ್ಲಿತ್ತು. ಎಲೆ ಹಾರದ ಹಾಗೆ ಅದರ ಮೇಲೆ ಆ ಕರಿಕಲ್ಲನ್ನು ಇಟ್ಟಿದ್ದಳು.

ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು. “ಹೊಳೆ ನೀರು ಎಲ್ಲೀತನಕ ಬಂದೈತ್ರಿ?”

ನಾನು ಅವತ್ತು ಹೊಳೆಯ ಕಡೆ ಹೋಗಿರಲಿಲ್ಲ. ಹಾಗೆಂದು ಹೇಳಿದೆ. ಅವಳು ತಲೆಯಾಡಿಸಿ, ಕಲ್ಲನ್ನು ಎತ್ತಿ ಪಕ್ಕಕ್ಕಿಟ್ಟು, ಇನ್ನೊಂದು ಎಲೆ ತೆಗೆದುಕೊಂಡಳು.